ಕಡಕೊಳಕ್ಕೆ ಹೋದ ಕಾರ್ಡು

"ಅಂಕಲ್, ಇದು ನಿಮಗೆ."

ನೀರಿನ ಟ್ಯಾಂಕರನ್ನು ಹೊರಗೆ ಬಿಟ್ಟು ಗೇಟು ಹಾಕುತ್ತಿದ್ದ ದೇವರಾಜು ತಿರುಗಿ ನೋಡಿದ. ಎರಡನೇ ಮಹಡಿಯ ಧರಣಿ ಸ್ಕೂಲ್ ಬ್ಯಾಗು ಇಳಿಸದೆಯೇ ನಿಂತು, ಎರಡೂ ಕೈಯಲ್ಲಿ ಒಂದು ಕಾರ್ಡು ಚಾಚಿದ್ದಳು. ಹಸಿರು ಸ್ಕೆಚ್ ಪೆನ್ನಿನಲ್ಲಿ ಬರೆದ ಸೈನಿಕನಿಗೆ ಕಿವಿಯವರೆಗೂ ಮೀಸೆ. ಕೆಳಗೆ, ಒಂದು ದೀರ್ಘ ತಪ್ಪಿ, 'ನಮ್ಮನ್ನು ಕಪಾಡಿದ್ದಕ್ಕೆ ಥ್ಯಾಂಕ್ಸ್' ಎಂದಿತ್ತು.

"ಗೊತ್ತಿರೋ ಸೈನಿಕರಿಗೆ ಕೊಡಿ ಅಂದ್ರು ಮಿಸ್ಸು. ನಂಗೆ ಗೊತ್ತಿರೋದು ನೀವೊಬ್ರೇ."

ದೇವರಾಜು ಸರಸ್ವತಿಪುರಂನ ಈ ಅಪಾರ್ಟ್‌ಮೆಂಟಿನ ಕಾವಲಿಗೆ ಬರುವ ಮುಂಚೆ ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದವನು. ಕಾರ್ಡನ್ನು ತೆಗೆದುಕೊಂಡವನೇ ಮತ್ತೆ ಅವಳ ಕಡೆ ನೀಡಿದ.

"ನಂಗೆ ಬೇಡ ಕಣವ್ವ."

ಮಗುವಿನ ಮುಖ ಬಾಡಿತು. ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಇದು ನನ್ನ ಫ್ರೆಂಡಿಗೆ ಸೇರ್ಬೇಕು. ಲಿಂಗರಾಜು ಅಂತ. ನನ್ನ ಬದಲು ಡ್ಯೂಟಿಗೆ ಹೋಗಿ, ಹಿಮ ಕುಸಿದು ತೀರ್ಕೊಂಬುಟ್ಟ."

ಧರಣಿ ಕಾರ್ಡನ್ನು ವಾಪಸು ತೆಗೆದುಕೊಳ್ಳಲಿಲ್ಲ. "ಅವ್ರಿಗೆ ಅಮ್ಮ ಇದಾರಾ?"

"ಇರ್ಬೇಕು. ಇಲ್ಲೇ ಕಡಕೊಳದಲ್ಲಿ."

"ಹಂಗಾದ್ರೆ ಅವರಮ್ಮಂಗೆ ಕೊಟ್ಬಿಡಿ. ನಿಮಗೆ ಇನ್ನೊಂದು ಬರ್ಕೊಡ್ತೀನಿ," ಎಂದು ಅವಳು ಲಿಫ್ಟಿನ ಕಡೆ ಓಡಿದಳು.

'ಇರ್ಬೇಕು' ಎಂಬ ತನ್ನದೇ ಮಾತು ಅವನನ್ನು ಚುಚ್ಚಿತು. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯ ದಾರಿ. ಹತ್ತೊಂಬತ್ತು ವರ್ಷ ಅವನು ಹೋಗಿರಲಿಲ್ಲ. ತಂಗಿಯ ಮದುವೆಗೆ ರಜೆ ಹಾಕಿ ರೈಲು ಹತ್ತಿದ್ದ. ಅವನ ಪಾಳಿಗೆ ಲಿಂಗರಾಜು ಹೋಗಿದ್ದ. ಮದುವೆ ಮನೆಗೇ ಸುದ್ದಿ ಬಂತು. ಒಮ್ಮೆ ಕಡಕೊಳದ ಸ್ಟಾಪಿನವರೆಗೂ ಹೋಗಿ, 'ನೀನಿದ್ದೀಯ, ನನ್ನ ಮಗ ಎಲ್ಲಿ' ಎಂದು ಲಿಂಗರಾಜುವಿನ ತಾಯಿ ಕೇಳಿದರೆ ಏನೆನ್ನಲಿ ಎಂದು ಹೆದರಿ, ಮುಂದಿನ ಬಸ್ಸಿಗೇ ವಾಪಸು ಬಂದಿದ್ದ.

ಆ ಭಾನುವಾರ ಹೋದ. ಅಂಗಡಿಯವನು ಮನೆ ತೋರಿಸಿದ. ಲಿಂಗರಾಜುವಿನ ತಾಯಿ ಪುಟ್ಟತಾಯಮ್ಮ ಟಿವಿಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವನು ಹೆಸರು ಹೇಳಿದ ಕೂಡಲೇ ಅವರ ಕೈ ನಿಂತಿತು.

"ತಂಗಿ ಮದ್ವೆ ಇತ್ತಲ್ಲ, ಆ ದೇವರಾಜನಾ? ಬಾ ಮಗ, ಕೂತ್ಕೊ."

ಅವನು ಕೂರಲಾರದೆ ಕಾರ್ಡು ಕೊಟ್ಟ. ಒಂದು ಮಗು ಲಿಂಗರಾಜುವಿಗೆ ಕೊಟ್ಟದ್ದು ಎಂದ. ಅವರು ಚಿತ್ರದ ಮೀಸೆಯ ಮೇಲೆ ಬೆರಳಾಡಿಸಿ, "ಇವ್ನಿಗೆ ಮೀಸೆ ಎಲ್ಲಿತ್ತು," ಎಂದು ಸಣ್ಣಗೆ ನಕ್ಕರು.

"ನಾನು ಅವತ್ತು ರಜ ಹಾಕ್ದೆ ಇದ್ದಿದ್ರೆ..."

"ಗೊತ್ತು ಕಣಪ್ಪ. ಅದ್ರ ಇಂದಿನ್ ದಿನ ಪೋನ್ ಮಾಡಿ ಅವ್ನೇ ಏಳಿದ್ದ. ನಮ್ಗೆ ನಿನ್ ಮ್ಯಾಲೆ ಕ್ವಾಪ ಇರ್ನಿಲ್ಲ. ಅವ್ರಪ್ಪ ನೀನು ಬತ್ತೀಯ ಅಂತ ಕಾದ್ರು. ಮಗ ಅಲ್ಲಿ ಎಂಗಿದ್ದ, ಏನ್ ಉಣ್ತಿದ್ದ, ಕೇಳ್ಬೇಕು ಅಂತಿದ್ರು. ಅವ್ನ ಪೆಟ್ಗೇಲಿ ತಂದೋರ್ಗೆ ಅವನ್ಯಾರು ಅಂತ್ಲೇ ಗೊತ್ತಿರ್ನಿಲ್ಲ."

"ಅಪ್ಪ ಎಲ್ಲವ್ರೆ?"

"ಓದ ವರ್ಸ ದೀಪಾವಳಿ ಕಳುದ್ಮ್ಯಾಲೆ ತೀರೋದ್ರು."

ದೇವರಾಜು ಕುರ್ಚಿಯ ತುದಿಯಲ್ಲಿ ಕೂತ. ಹೇಳಬೇಕೆಂದುಕೊಂಡು ಬಂದದ್ದೆಲ್ಲ ಕ್ಷಮೆಯ ಮಾತುಗಳು. ಅವುಗಳನ್ನು ಇಲ್ಲಿ ಯಾರೂ ಕೇಳಿರಲೇ ಇಲ್ಲ. ಪುಟ್ಟತಾಯಮ್ಮ ಟಿವಿ ಆರಿಸಿ, ಮೊರವನ್ನು ಪಕ್ಕಕ್ಕೆ ಸರಿಸಿದರು.

"ಅವ್ನ ವಿಚಾರ ಏಳು ಮಗ."

ಅವನು ಶುರು ಮಾಡಿದ. "ಟೀ ಕೊಟ್ರೆ ಮೊದ್ಲು ಕುಡೀತಿರ್ಲಿಲ್ಲ ಅವ್ನು. ಲೋಟಾನ ಕೆನ್ನೆಗೆ ಒತ್ಕೊಂಡು, ಆ ಕಡೆ ಒಂದ್ಸಲ, ಈ ಕಡೆ ಒಂದ್ಸಲ..."

"ವಸಿ ಜೋರಾಗಿ ಏಳಪ್ಪ," ಎಂದರು ಪುಟ್ಟತಾಯಮ್ಮ.

ಅವರ ಕಿವಿ ಚೆನ್ನಾಗಿಯೇ ಇತ್ತು. ಕಣ್ಣು ಮಾತ್ರ ಅವನನ್ನು ದಾಟಿ, ಒಳಕೋಣೆಯ ಗೋಡೆಯ ಪಕ್ಕ ಕಂಬಳಿ ಮಡಿಸಿಟ್ಟಿದ್ದ ಯಜಮಾನರ ಖಾಲಿ ಮಂಚದ ಕಡೆಗಿತ್ತು. ದೇವರಾಜು ಗಂಟಲು ಸರಿಮಾಡಿಕೊಂಡು, ಮತ್ತೆ ಮೊದಲಿನಿಂದ, ಜೋರಾಗಿ ಹೇಳತೊಡಗಿದ.