ಕತ್ತರಿ ಬೇಡವಾದ ರವಿಕೆ

"ಕತ್ತರಿ ಆಚೆ ಇಡು ಗುಣವತಿ, ಬೇಡ," ಎಂದಳು ಮೆರ್ಲಿನ್.

ತೀರಿಕೊಂಡ ಹೆಂಗಸಿಗೆ ಮದುವೆಯ ಸೀರೆ ಉಡಿಸುವುದು ಅವರ ಮನೆತನದ ವಾಡಿಕೆ. ಮದುವೆಯ ರವಿಕೆ ಮುಪ್ಪಿನ ಮೈಗೆ ಹಿಡಿಸುವುದಿಲ್ಲ. ಅದಕ್ಕಾಗಿ ಬೆನ್ನಿನ ನಡುವೆ ಕತ್ತರಿಸಿ, ಅಂಚುಗಳನ್ನು ದೇಹದ ಅಡಿಗೆ ಮಡಚಿಬಿಡುತ್ತಾರೆ. ಅವರ ತಾಯಿಗೂ ಹಾಗೆಯೇ ಮಾಡಿದ್ದರು. ಆದರೆ ಮೆರ್ಲಿನಳ ತಂಗಿ ಕ್ರಿಸ್ಟಿನಳಿಗೆ ಆ ರವಿಕೆ ತಾನಾಗಿಯೇ ಕೂತಿತು. ಕೊಕ್ಕೆ ಹಾಕಿದ ಮೇಲೂ ಒಳಗೆ ಕೈ ಆಡುವಷ್ಟು ಸಡಿಲವಿತ್ತು.

"ಮದುಮಗಳ ಹಾಗೆಯೇ ಹೋದ್ರು," ನೆರೆಮನೆಯ ಗುಣವತಿ ಕಣ್ಣೊರೆಸಿಕೊಂಡಳು.

ಮೆರ್ಲಿನ್ ಅಳಲಿಲ್ಲ. ಕುವೈತಿನಲ್ಲಿ ನರ್ಸ್ ಆಗಿ ತಲೆ ಹಣ್ಣು ಮಾಡಿಕೊಂಡವಳು ಅವಳು. ಇನ್ಸುಲಿನ್ ಹಿಡಿದವರಿಗೆ ಒಂದಿಷ್ಟು ಮೈ ಬರುವುದನ್ನು ಎಷ್ಟು ಕಂಡಿದ್ದಳೋ. ಮಗಳ ಬಾಣಂತನಕ್ಕೆಂದು ತಾನು ಮಸ್ಕತ್ತಿಗೆ ಹೋಗುವ ಮುಂಚೆಯೇ ತಂಗಿಗೆ ಚುಚ್ಚುಮದ್ದು ಶುರುವಾಗಿತ್ತು. ಮರಳಿ ಬರುವಾಗ ತಂಗಿ ಆಸ್ಪತ್ರೆಯಲ್ಲಿದ್ದಳು. ಕಾಲಿನ ಹುಣ್ಣು ನಂಜಾಗಿ, ರಕ್ತದ ಸಕ್ಕರೆ ಯಂತ್ರಕ್ಕೂ ಸಿಗದಷ್ಟು ಏರಿತ್ತು. ಇನ್ಸುಲಿನ್ ಚುಚ್ಚಿಸಿಕೊಂಡ ಮೈ ಇದಲ್ಲ ಎಂದು ಅವಳಿಗೆ ಆಗಲೇ ಅನಿಸಿತ್ತು. ಈಗ ರವಿಕೆ ಅದನ್ನು ಖಚಿತಪಡಿಸಿತು.

ಅವಳು ಅಡುಗೆಮನೆಗೆ ಹೋದಳು. ತಂಗಿಯ ಗಂಡ ಜೊಕಿಮ್ ಒಬ್ಬನೇ ನೀರು ಕುಡಿಯುತ್ತಿದ್ದ. ಗಡ್ಡ ಹೆರೆದಿದ್ದ. ಹೆಂಡತಿ ಹೋದ ದಿನವೂ ಇಷ್ಟು ನೇರ ಬೈತಲೆ ತೆಗೆಯಲು ಈ ಗಂಡಸಿಗೆ ಮನಸ್ಸು ಹೇಗಾಯಿತು?

"ಜೊಕಿಮ್, ಇನ್ಸುಲಿನ್ ಎಲ್ಲಿ?"

"ಫ್ರಿಜ್ಜಿನ ಬಾಗಿಲಲ್ಲಿ ಉಂಟಲ್ಲ."

ಬಾಗಿಲಲ್ಲಿ ಮೊಟ್ಟೆ ಇತ್ತು, ಉಪ್ಪಿನಕಾಯಿ ಬಾಟಲಿ ಇತ್ತು.

"ಇಲ್ಲ."

"ಮುಗಿದಿರಬೇಕು. ಪಂಪ್‌ವೆಲ್‌ನ ಮೆಡಿಕಲ್ಲಿನಿಂದ ಪ್ರತಿ ತಿಂಗಳು ನಾನೇ ತರ್ತಿದ್ದೆ."

"ಚುಚ್ಚುತ್ತಿದ್ದದ್ದು ಯಾರು?"

"ಅವಳೇ. ನನಗೆ ಸೂಜಿ ಕಂಡ್ರೆ ಆಗುದಿಲ್ಲ, ನಿಮಗೆ ಗೊತ್ತುಂಟು." ಅವನು ಲೋಟ ತೊಳೆದು ಕವುಚಿ ಇಟ್ಟ. "ಈಗ ಎಂತಕ್ಕೆ ಅದೆಲ್ಲ?"

ಮೆರ್ಲಿನ್ ಫ್ರಿಜ್ಜಿನ ಬಾಗಿಲು ಮುಚ್ಚಿದಳು. ಫಾದರ್ ಬಂದ ಕೂಡಲೇ ಎಲ್ಲರ ಎದುರು ಹೇಳಿಬಿಡುವುದು: ಈ ಸಾವು ಸರಿಯಿಲ್ಲ, ಇವನು ಮದ್ದು ತಂದುಕೊಟ್ಟೇ ಇಲ್ಲ, ಪೊಲೀಸರು ನೋಡದೆ ಇವಳನ್ನು ಹೂಳಬೇಡಿ, ಇವನ ಕೈಯ ಮಣ್ಣು ಇವಳ ಮೇಲೆ ಬೀಳಬಾರದು. ಹಾಗೆಂದು ನಿಶ್ಚಯಿಸಿ, ಫಾದರ್ ಹತ್ತಿರ ಮಾತನಾಡಲಿಕ್ಕುಂಟು ಎಂದು ಗುಣವತಿಗೆ ತಿಳಿಸಿ, ಜಪಸರ ಹಿಡಿದು ಗೇಟಿನ ಬಳಿ ನಿಂತಳು.

* * *

ಇನ್ಸುಲಿನ್ ಶುರುವಾದ ದಿನ ನಂತೂರಿನ ಡಾಕ್ಟರ ಬಳಿಗೆ ಅಕ್ಕ, ತಂಗಿ, ಜೊಕಿಮ್ ಮೂವರೂ ಹೋಗಿದ್ದರು. ಕ್ರಿಸ್ಟಿನ್ ಕೇಳಿದ್ದು ಒಂದೇ ಮಾತು.

"ಇದು ತೆಗೊಂಡ್ರೆ ನಾನು ತೋರ ಆಗ್ತೇನಾ ಡಾಕ್ಟ್ರೇ?"

"ಸ್ವಲ್ಪ ತೂಕ ಬರಬಹುದಮ್ಮ. ಇಷ್ಟು ದಿನ ಮೂತ್ರದಲ್ಲಿ ಹೋಗ್ತಿದ್ದ ಸಕ್ಕರೆ ಇನ್ನು ಮೈಗೆ ಹತ್ತುತ್ತದೆ. ಊಟ ನೋಡಿಕೊಳ್ಳಿ, ನಡೆಯಿರಿ. ಹೆಚ್ಚಾದ್ರೆ ನನ್ನ ಹತ್ತಿರ ಬನ್ನಿ, ದಾರಿ ಉಂಟು. ಮದ್ದು ಮಾತ್ರ ಬಿಡಬೇಡಿ."

ಜೊಕಿಮ್ ನಕ್ಕಿದ್ದ. "ಈಗಷ್ಟೇ ಚಂದ ಕಾಣ್ತಿದ್ದಾಳೆ ಮಾರಾಯ್ರೆ. ಪುನಃ ಡ್ರಮ್ ಆದ್ರೆ ಮನೆಗೆ ಹೊಸ ಬಾಗಿಲು ಇಡಿಸ್ಬೇಕು."

ಕ್ರಿಸ್ಟಿನಳೂ ನಕ್ಕಿದ್ದಳು. ಹೊರಗೆ ಬಂದ ಮೇಲೆ, ಲಾರಿಗಳ ಸದ್ದಿನ ನಡುವೆ ಅಕ್ಕನ ಕಿವಿಯ ಬಳಿ ಹೇಳಿದ್ದಳು: "ಹೋದ ಆದಿತ್ಯವಾರ ಇಗರ್ಜಿಯಲ್ಲಿ ಎಲ್ಲರೂ ಕೇಳಿದ್ರು, ಎಷ್ಟು ಸಪೂರ ಆಗಿದ್ದಿ ಕ್ರಿಸ್ಟಿನ್ ಅಂತ. ಹುಟ್ಟಿದ ಮೇಲೆ ನನಗೆ ಯಾರಾದ್ರೂ ಹಾಗೆ ಹೇಳಿದ್ದುಂಟಾ?"

"ಅದು ರೋಗ. ಚಂದ ಅಲ್ಲ."

"ನೋಡುವವರಿಗೆ ಅದು ಗೊತ್ತಾಗ್ತದಾ?" ಎಂದು ಅವಳು ಸೆರಗು ಸರಿಮಾಡಿಕೊಂಡಿದ್ದಳು.

* * *

ಗೇಟು ತೆರೆದದ್ದು ಫಾದರ್ ಅಲ್ಲ. ಹಿಂದಿನ ಮನೆಯ ರುಖಿಯಾ. ಮೆರ್ಲಿನ್ ಅವಳ ಗುರುತು ಹಿಡಿಯಲು ತಡವರಿಸಿದಳು. ಕೆನ್ನೆ ತುಂಬಿಕೊಂಡಿತ್ತು, ನಡಿಗೆಯಲ್ಲಿ ಬಲವಿತ್ತು.

"ಹೇಗೆ ಸಹಿಸುದು ಬಾಯಮ್ಮ," ರುಖಿಯಾ ಅವಳ ಕೈ ಹಿಡಿದು ಬಿಕ್ಕಿದಳು. "ಹೋದ ಮಳೆಗಾಲ ನೀವೇ ನೋಡಿದ್ರಲ್ಲ, ಕೋಲಿನ ಹಾಗೆ ಇದ್ದೆ. ಈಗಿನ ಈ ಮೈ ಅವರು ಕೊಟ್ಟದ್ದು."

"ಕ್ರಿಸ್ಟಿನ್ ಎಂತ ಕೊಟ್ಟಳು?"

"ಇನ್ಸುಲಿನ್. ಇಬ್ಬರಿಗೂ ಒಂದೇ ಡಾಕ್ಟ್ರು, ಒಂದೇ ಮದ್ದು. ನನ್ನ ಮಗನಿಗೆ ಸೌದಿಯಲ್ಲಿ ಕೆಲಸ ಹೋದ ಮೇಲೆ ನಾನು ಬಿಟ್ಟಿದ್ದೆ. ಅವರಿಗೆ ಡಾಕ್ಟ್ರು ಬೇರೆ ಮದ್ದು ಕೊಟ್ರಂತಲ್ಲ. ಗಂಡ ಕೇಳದೆ ಹಳೆಯದನ್ನೇ ತರ್ತಾರೆ, ಹಾಳಾಗುದು ಯಾಕೆ ಅಂತ ಹಿತ್ತಿಲಿನಿಂದ ಕೊಡ್ತಿದ್ರು. ನೀನಾದ್ರೂ ತೋರ ಆಗು ರುಖಿಯಾ ಅಂತ ನಗ್ತಿದ್ರು."

ಮೆರ್ಲಿನಳ ಬೆರಳು ಜಪಸರದ ಒಂದೇ ಮಣಿಯ ಮೇಲೆ ನಿಂತಿತು. ಬೇರೆ ಮದ್ದು ಎಂಬುದೇ ಇರಲಿಲ್ಲ, ತಂಗಿ ತೋರ ಆಗಲು ಹೆದರಿದ್ದಳು ಎಂದು ಅವಳಿಗೆ ಹೊಳೆಯಿತು.

ರುಖಿಯಾ ಮುಖ ಒರೆಸಿಕೊಂಡು ಅವಳನ್ನೇ ದಿಟ್ಟಿಸಿದಳು. "ಅವರಿಗೆ ಕೊಟ್ಟ ಹೊಸ ಮದ್ದು ಯಾವುದು ಬಾಯಮ್ಮ? ಅದು ಹಿಡಿಸ್ಲಿಲ್ವಾ?"

ರಸ್ತೆಯಲ್ಲಿ ಫಾದರ್ ಅವರ ಕಾರು ನಿಂತಿತು. ಜೊಕಿಮ್ ಒಳಗಿನಿಂದ ಬಂದು ಎರಡು ಹೆಜ್ಜೆ ದೂರದಲ್ಲಿ ನಿಂತ. "ಫಾದರ್ ಹತ್ತಿರ ಎಂತದೋ ಹೇಳ್ಲಿಕ್ಕುಂಟು ಅಂದ್ರಂತೆ ನೀವು. ಗುಣವತಿ ಹೇಳಿದ್ರು."

ಮೆರ್ಲಿನ್ ಇಬ್ಬರ ಮುಖವನ್ನೂ ನೋಡಿದಳು. ಇವನಿಗೆ ಹೇಳಿದರೆ ಡಾಕ್ಟರ ಎದುರು ನಕ್ಕ ಆ ನಗು ಇವನನ್ನೇ ತಿನ್ನುತ್ತದೆ. ಇವಳಿಗೆ ಹೇಳಿದರೆ, ಸತ್ತವಳ ಪಾಲಿನ ಮದ್ದು ತಾನು ತೆಗೊಂಡೆ ಎಂದು ನಾಳೆಯಿಂದ ಇವಳು ಸೂಜಿ ಮುಟ್ಟುವುದಿಲ್ಲ.

"ಎಂತ ಇಲ್ಲ. ಪ್ರಾರ್ಥನೆ ಶುರು ಮಾಡ್ಲಿ," ಎಂದಳು. ಆಮೇಲೆ ರುಖಿಯಾಳಿಗೆ, ಜಪಸರ ಹಿಡಿದ ಕೈಯಿಂದಲೇ ಅವಳ ಭುಜ ಮುಟ್ಟಿ, "ಒಳ್ಳೆ ಮದ್ದೇ ಆಗಿತ್ತು. ಕಾಲಿನ ನಂಜು ಹೆಚ್ಚಾಯ್ತು, ಅಷ್ಟೆ. ನೀನು ನಿನ್ನದನ್ನು ಬಿಡಬೇಡ," ಎಂದಳು.

ರುಖಿಯಾ ಶವಪೆಟ್ಟಿಗೆಯ ಬಳಿ ಹೋಗಿ ಬಾಗಿ, ಕ್ರಿಸ್ಟಿನಳ ಜೋಡಿಸಿಟ್ಟ ಕೈಗಳನ್ನು ಮುಟ್ಟಿದಳು. ಜಾರಿಬೀಳದಂತೆ ಆ ಕೈಗೆ ಶಿಲುಬೆಯ ದಾರವನ್ನು ಸುತ್ತಿ ಸುತ್ತಿ ಕಟ್ಟಿದ್ದರು. ಅದರ ಮೇಲಿಟ್ಟ ರುಖಿಯಾಳ ಕೈಯಲ್ಲಿ ಗಾಜಿನ ಬಳೆಗಳು, ಬಾಗಿದರೂ ಕೆಳಗೆ ಸರಿಯದೆ, ತುಂಬಿದ ಮಣಿಕಟ್ಟಿಗೆ ಬಿಗಿಯಾಗಿ ಅಂಟಿಕೊಂಡಿದ್ದವು.