ಬಿಸಿಲು ಕಾಣದ ಲಂಗೋಟಿ

ಲಂಗೋಟಿಯ ಗಂಟು ಬಿಚ್ಚುವವರಿಲ್ಲದೆ ಸಿದ್ದಮಲ್ಲಪ್ಪನ ಹೆಣ ಹಿತ್ತಿಲಿನ ಕಲ್ಲಿನ ಮೇಲೆ ಅರ್ಧ ಸ್ನಾನಕ್ಕೇ ಕೂತುಬಿಟ್ಟಿತ್ತು. ತಲೆಗೆ, ಎದೆಗೆ, ಬೆನ್ನಿಗೆ ನೀರು ಹುಯ್ದಾಗಿತ್ತು. ಸೊಂಟದ ಹತ್ತಿರ ಬಂದ ಕೂಡಲೇ ತಮ್ಮ ಮಲ್ಲಿಕಾರ್ಜುನಸ್ವಾಮಿ ಚೊಂಬು ಕೆಳಗಿಟ್ಟು ಹಿಂದೆ ಸರಿದ. ಪಕ್ಕದ ಮನೆಯ ರುದ್ರಸ್ವಾಮಿ ಟವೆಲಿನಿಂದ ಮೂಗು ಮುಚ್ಚಿಕೊಂಡು ಬೇಲಿಯ ಕಡೆ ನೋಡುತ್ತಿದ್ದ.

"ನೀನೇ ತೊಳಿ ಕಣ್ಲಾ, ಒಡಹುಟ್ಟಿದವ್ನು," ಎಂದ ರುದ್ರಸ್ವಾಮಿ.

"ಅಂಟ್ಕಂಡ್ರೆ? ನಂಗೂ ಎಡ್ತಿ ಮಕ್ಳು ಅವ್ರೆ."

"ಸತ್ತವ್ನಿಂದ ಏನ್ ಅಂಟ್ಕತದ್ಲಾ?"

"ಅಂಗಾರೆ ನೀನೇ ಬಾ."

ರುದ್ರಸ್ವಾಮಿ ಬರಲಿಲ್ಲ.

ಅಡುಗೆಮನೆಯ ಬಾಗಿಲ ಹಿಂದೆ ನಿಂತು ಗುರುಬಸಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಗಂಡನ ಹೆಣ ಎದುರಿಗಿದ್ದರೂ ಅವಳಿಗೆ ನಗು ಬರುವಂತಾಯಿತು. ಬೆಳಗಿನಿಂದ ಜಗುಲಿಯ ಮೇಲೆ ಕೂತು, ಮಧುವನಹಳ್ಳಿಯಲ್ಲಿ ಮಡಿ ಎಂದರೆ ಸಿದ್ದಮಲ್ಲಪ್ಪನ ಮಡಿ ಎಂದು ಹಾಡಿ ಹೊಗಳಿದವರೇ ಇವರು. ಆ ಮಡಿಯ ಮೈಯನ್ನು ಮುಟ್ಟಲು ಈಗ ಒಬ್ಬನಿಗೂ ಕೈ ಏಳುತ್ತಿಲ್ಲ.

ಒಳಗೆ ಸತ್ತವನ ಅಕ್ಕ ಸೋಮಮ್ಮ ಯಳಂದೂರಿನಿಂದ ಬಂದು ಕೂತು, ಸುತ್ತಲಿನ ಹೆಂಗಸರಿಗೆ ಹಳೆಯ ಹಾಡನ್ನೇ ಹಾಡುತ್ತಿದ್ದಳು. "ನನ್ ತಮ್ಮ ಚಿನ್ನದಂತವ್ನು. ಇವ್ಳಿಂದ ಆ ರೋಗ ಅಂಟ್ಕತು." ವಿಭೂತಿ ಹಚ್ಚಲು ಹೋದ ಗುರುಬಸಮ್ಮನ ಕೈಯನ್ನು ತಡೆದವಳೂ ಅವಳೇ. "ನೀನು ಮುಟ್ಬೇಡ ಕನವ್ವಾ. ಬದುಕಿದ್ದಾಗ ಕೊಟ್ಟಿದ್ದೇ ಸಾಕು."

ಮಕ್ಕಳಾಗಲಿಲ್ಲ, ಅದು ಗುರುಬಸಮ್ಮನ ತಪ್ಪು. ಗಂಡನಿಗೆ ಮರ್ಮದಲ್ಲಿ ತುರಿಕೆ ಎದ್ದಿತು, ಅದೂ ಅವಳದೇ ತಪ್ಪು. ಇವತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಾಯುವ ತನಕ ಗಂಡನನ್ನು ಕೊಂದವಳು ಎನಿಸಿಕೊಂಡೇ ಇರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

*

ಸಿದ್ದಮಲ್ಲಪ್ಪನ ಮಡಿ ಕೋಳಿ ಕೂಗುವ ಮುಂಚೆ ಶುರುವಾಗುತ್ತಿತ್ತು. ತಣ್ಣೀರು ಹುಯ್ದುಕೊಂಡು, ಒದ್ದೆ ಲಂಗೋಟಿಯನ್ನು ಬಿಗಿದು ಕಟ್ಟಿ, ಅದರಲ್ಲೇ ಲಿಂಗಪೂಜೆಗೆ ಕೂರಬೇಕು. ಅದು ಮೈಮೇಲೆಯೇ ಆರಬೇಕು. ಅದರ ಮೇಲೆ ಗಂಜಿ ಹಾಕಿದ ಬಿಳಿ ಪಂಚೆ. ಬಿಚ್ಚಿದ ಲಂಗೋಟಿ ಬಿಸಿಲು ಕಂಡರೆ ಮಾನ ಹೋಯಿತು. ಕತ್ತಲೆ ಕೋಣೆಯ ಬಾಗಿಲ ಹಿಂದೆ, ಪಂಚೆಯ ಮರೆಯಲ್ಲಿ ಅದು ಮುಗ್ಗಲು ಹಿಡಿದು ನೇತಾಡುತ್ತಿತ್ತು. ಮಳೆಗಾಲದಲ್ಲಂತೂ ಹಸಿ ಲಂಗೋಟಿಯೇ ಮರುದಿನದ ಮಡಿ.

ತುರಿಕೆ ಎದ್ದಾಗ ಬಟ್ಟೆ ಸೋಪಿನಿಂದ ಉಜ್ಜಿದ. ಗಾಯ ತೊಳೆಯುವ ಔಷಧಿಯನ್ನು ನೀರು ಬೆರೆಸದೆ ಸುರಿದುಕೊಂಡು ಬಚ್ಚಲಿನಲ್ಲಿ ಕುಣಿದ. ಅರಳಿಕಟ್ಟೆಯ ಮೇಲೆ ಊರಿಗೆಲ್ಲ ನ್ಯಾಯ ಹೇಳುವಾಗಲೂ ಒಂದು ಕೈ ಪಂಚೆಯೊಳಗೇ ಇರುತ್ತಿತ್ತು. ಕಂಡರೂ ಕಾಣದವರಂತೆ ಇರುವುದು ದೊಡ್ಡ ಮನುಷ್ಯರಿಗೆ ಊರು ತೋರುವ ಗೌರವ.

ಕೊನೆಗೆ ತಡೆಯಲಾರದೆ ಕೊಳ್ಳೇಗಾಲದ ಡಾಕ್ಟರ ಬಳಿ ಹೋದ. ಜೊತೆಗೆ ಹೋಗಿದ್ದ ಗುರುಬಸಮ್ಮ ಹಸಿರು ಪರದೆಯ ಈಚೆ ನಿಂತಿದ್ದಳು. ಪರದೆಗೆ ಕಿವಿ ಇರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ.

"ನಿಮಗೆ ಸಕ್ಕರೆ ಕಾಯಿಲೆ ಇದೆ, ಯಜಮಾನ್ರೆ," ಎಂದಿದ್ದರು ಡಾಕ್ಟರು. "ಮೂತ್ರದಲ್ಲಿ ಸಕ್ಕರೆ ಹೋಗ್ತಿದೆ. ಒದ್ದೆ ಬಟ್ಟೆ ಬೇರೆ ಬಿಗಿದು ಕಟ್ತೀರಿ. ಬೂಷ್ಟು ಬೆಳೀದೆ ಇನ್ನೇನಾಗುತ್ತೆ? ಮುಂದೊಗಲು ಸರಿದಷ್ಟು ಸರಿಸಿ, ಬರೀ ನೀರಲ್ಲಿ ಮೆತ್ತಗೆ ತೊಳೀರಿ. ಚೆನ್ನಾಗಿ ಒರೆಸ್ಕೊಳ್ಳಿ. ಸೋಪು ಬೇಡ, ಆ ಔಷಧಿ ಮೊದಲೇ ಬೇಡ. ಒಳಬಟ್ಟೆ ಬಿಸಿಲಲ್ಲಿ ಒಣಗಲಿ. ಮುಲಾಮು ಹಚ್ಚಿ, ಸಕ್ಕರೆ ಮಾತ್ರೆ ಬಿಡಬೇಡಿ."

"ಇದು ಎಡ್ತಿಯಿಂದ ಬಂದಿರದಾ ಸಾ?"

"ಅಲ್ಲ ಕಣ್ರಿ. ಅವರಿಗೂ ತುರಿಕೆ ಇದ್ರೆ ಕರ್ಕೊಂಡು ಬನ್ನಿ, ಅವರಿಗೂ ಔಷಧಿ ಕೊಡ್ತೀನಿ. ಆದ್ರೆ ಇದು ನಿಮ್ಮ ಸಕ್ಕರೆಯಿಂದ, ನಿಮ್ಮ ಒದ್ದೆ ಬಟ್ಟೆಯಿಂದ."

ಬಸ್ಸಿನಲ್ಲಿ ಕೂತ ಮೇಲೆ ಸಿದ್ದಮಲ್ಲಪ್ಪ ಕಿಟಕಿಯ ಕಡೆ ಮುಖ ಮಾಡಿ ಹೇಳಿದ: "ನಿನ್ನಿಂದ್ಲೇ ಬಂದಿರದು ಅಂದ್ರು ಡಾಕ್ಟ್ರು."

ಅವತ್ತಿನಿಂದ ಅವಳ ತಟ್ಟೆ, ಲೋಟ ಕೊಟ್ಟಿಗೆಯ ಗೂಡಿಗೆ ಹೋದವು. ಮುಲಾಮನ್ನು ಅವನು ಕಾಲಿನ ಒಡಕಿಗೆ ಹಚ್ಚಿ ಮುಗಿಸಿದ. ಮಾತ್ರೆ ಕಹಿ ಎಂದು ಬಿಟ್ಟ. ಲಂಗೋಟಿಯನ್ನು ಮಾತ್ರ ಇನ್ನಷ್ಟು ಬಿಗಿದ. ಅವಳು ಒಮ್ಮೆ ಸೋಮಮ್ಮನಿಗೆ ನಿಜ ಹೇಳಿ ನೋಡಿದಳು. "ಗಂಡನ ಮೇಲೆ ಇಂಥ ಮಾತಾ? ನಾಲ್ಗೆ ಬಿದ್ದೋದದು," ಎಂದಳು ಸೋಮಮ್ಮ. ತುರಿಕೆ ಹುಣ್ಣಾಯಿತು, ಹುಣ್ಣು ಕೀವಾಯಿತು, ಕೀವು ಮೈಗೆಲ್ಲ ಏರಿತು. ಆಸ್ಪತ್ರೆಗೆ ಹೋದರೆ ಪಂಚೆ ಬಿಚ್ಚಬೇಕಲ್ಲ ಎಂದು ಜ್ವರದಲ್ಲೂ ಪಂಚೆ ಹಿಡಿದುಕೊಂಡೇ ಸತ್ತ.

*

ಮಲ್ಲಿಕಾರ್ಜುನಸ್ವಾಮಿ ಅಡುಗೆಮನೆಯ ಬಾಗಿಲಿಗೆ ಬಂದ. "ಅತ್ಗೆ, ಒಸಿ ನೀವೇ ಬನ್ನಿ. ಗುಣಿ ತೆಗ್ದಾಯ್ತು, ಅಯ್ನೋರು ಕಾಯ್ತಾವ್ರೆ."

"ನಾನು ಮುಟ್ಬಾರ್ದಂತಲ್ಲಪ್ಪ. ನಿಮ್ಮಕ್ಕ ಯೋಳವ್ರೆ."

ಸೋಮಮ್ಮ ತಲೆ ಎತ್ತದೆ ಹೇಳಿದಳು: "ಕಟ್ಕಂಡವ್ಳಲ್ವೆ? ಓಗಿ ತೊಳಿ."

ವಿಭೂತಿಗೆ ಆಗದ ಕೈ ಕೀವಿಗೆ ಆಗುತ್ತದೆ. ಗುರುಬಸಮ್ಮ ಹಿತ್ತಿಲಿಗೆ ಇಳಿದು, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು.

"ತೊಳೀತೀನಿ. ನಂದು ಒಂದ್ ಮಾತ ಕೇಳಿಸ್ಕಳಿ. ಇದು ನನ್ನಿಂದ ಬಂದಿದ್ದಲ್ಲ. ಸಕ್ಕರೆ ಕಾಯ್ಲೆ, ಒದ್ದೆ ಲಂಗೋಟಿ ಅಂತ ಡಾಕ್ಟ್ರು ಯೋಳಿದ್ದ ನಾನೇ ಪರದೆ ಈಚೆ ನಿಂತು ಕೇಳಿವ್ನಿ. ಇವ್ರು ಊರ್ಗೆ ಸುಳ್ಳು ಯೋಳುದ್ರು."

"ಸತ್ತವ್ನ ಮರ್ವಾದಿ ತೆಗೀಬೇಡ ಕನೆ," ಎಂದಳು ಸೋಮಮ್ಮ.

"ಮರ್ವಾದಿನ ಲಂಗೋಟಿಲಿ ಕಟ್ಕಂಡಿದ್ರು ಕನಕ್ಕ. ಬಿಚ್ಚಕೆ ನಿಮ್ಗೂ ಧೈರ್ಯ ಇಲ್ಲ."

ಅವಳು ಕೂತು ಗಂಟು ಬಿಚ್ಚಿದಳು. ಒಳಗಿನದನ್ನು ಕಂಡಾಗ ಒಂದು ಗಳಿಗೆ ಅಯ್ಯೋ ಎನಿಸಿತು, ಎಷ್ಟು ಉರಿದಿರಬೇಕು ಈ ಜೀವಕ್ಕೆ. ಆಮೇಲೆ ಕೊಟ್ಟಿಗೆಯ ಗೂಡು ನೆನಪಾಯಿತು, ಅಯ್ಯೋ ಎನ್ನುವುದು ಅಲ್ಲಿಗೇ ನಿಂತಿತು. ಬೆಚ್ಚನೆಯ ನೀರಿನಿಂದ, ಸೋಪಿಲ್ಲದೆ ಮೆತ್ತಗೆ ತೊಳೆದು ಹಳೆಯ ಸೀರೆಯ ತುಂಡಿನಿಂದ ಒತ್ತಿ ಒರೆಸಿದಳು. ಮಲ್ಲಿಕಾರ್ಜುನಸ್ವಾಮಿ ಒದ್ದೆ ಪಂಚೆಯನ್ನೇ ಮಡಿ ಎಂದು ಹಿಂಡಿ ತಂದ.

"ಒಣಗಿರೋ ಪಂಚೆ ತತ್ತಾ," ಎಂದಳು.

ಮೆರವಣಿಗೆ ಬೀದಿ ತಿರುಗಿದ ಮೇಲೆ ಅವಳು ತನ್ನ ತಟ್ಟೆ, ಲೋಟವನ್ನು ಅಡುಗೆಮನೆಗೆ ತಂದಿಟ್ಟಳು. ಕತ್ತಲೆ ಕೋಣೆಯ ಲಂಗೋಟಿಗಳನ್ನೆಲ್ಲ ಬಾಚಿಕೊಂಡು ಹೋಗಿ ಹಂಡೆಯಲ್ಲಿ ಕುದಿಸಿದಳು. ಹಿಂಡಿದ ಮೇಲೆ ಹಿತ್ತಿಲಿಗೆ ಹೋಗಲಿಲ್ಲ. ಮುಂಬಾಗಿಲಿಗೆ ಶಾಮಿಯಾನ ಕಟ್ಟಿದ್ದ ಹಗ್ಗಕ್ಕೆ ಒಂದೊಂದನ್ನೇ ಹರಡಿ ಹಾಕಿದಳು.

"ಎಸೆಯೋ ಬಟ್ಟೆ ಕನೆ ಅವು," ಎಂದಳು ಸೋಮಮ್ಮ. ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ.

"ಎಸೀತೀನಿ ಕನಕ್ಕ. ಒಣಗ್ಲಿ."

ಮಣ್ಣು ಮಾಡಿದ ಗಂಡಸರು ಕಾಲುವೆಯಲ್ಲಿ ಮುಳುಗೆದ್ದು ಒದ್ದೆ ಪಂಚೆಯಲ್ಲಿ ಬಂದರು. ಒಳಗೆ ಹೋಗಬೇಕಾದರೆ ಆ ಹಗ್ಗದ ಕೆಳಗೆ ತಲೆ ತಗ್ಗಿಸಲೇಬೇಕು. ಮುಂದೆ ಬರುತ್ತಿದ್ದ ಮಲ್ಲಿಕಾರ್ಜುನಸ್ವಾಮಿ ಅಭ್ಯಾಸಬಲದಿಂದ ಪಂಚೆಯ ಮಡಿಕೆಯೊಳಗೆ ಕೈ ಹಾಕಿ ತೊಡೆಸಂದಿ ಕೆರೆದುಕೊಳ್ಳುತ್ತಿದ್ದ. ಬಗ್ಗುವಾಗ, ಬಿಸಿಲಿಗೆ ಆರುತ್ತಿದ್ದ ಅಣ್ಣನ ಲಂಗೋಟಿ ಹಣೆಗೆ ತಾಗಿತು. ತಲೆ ಎತ್ತಿ ಅದನ್ನು ನೋಡಿದ. ಪಂಚೆಯೊಳಗಿನ ಕೈ ಅಲ್ಲೇ ನಿಂತಿತು.