ಕೆಂಪು ಎಳೆ ಇಟ್ಟ ಪುಟ

ಮೊಳಕಾಲ್ಮುರಿನ ಗ್ರಂಥಾಲಯದಲ್ಲಿ ಗ್ರಂಥಪಾಲಕಿ ವಾಣಿಶ್ರೀ ಮೇಡಂ ಮೂರು ಐತಿಹಾಸಿಕ ಕಾದಂಬರಿಗಳನ್ನು ಬಿಚ್ಚಿ ತೋರಿಸಿದರು. ಮೂರರಲ್ಲೂ ಕೆಂಪು ರೇಷ್ಮೆ ಎಳೆಯಿತ್ತು. ಏಳನೇ ತರಗತಿಗೇ ಶಾಲೆ ಬಿಟ್ಟು ಮಗ್ಗಕ್ಕೆ ಕೂತಿದ್ದ ತಿಪ್ಪಕ್ಕ ಅವು ತನ್ನ ಮಗ್ಗದ ಎಳೆಗಳೆಂದು ಗುರುತಿಸಿದಳು. ಮೆಚ್ಚಿದ ಪುಟಕ್ಕೆ ತುಂಡು ಎಳೆ ಇಡುವುದು ಅವಳ ರೂಢಿ, ತೆಗೆಯಲು ಮರೆತಿದ್ದಳು. ಇನ್ನು ಪುಸ್ತಕ ಕೊಡುವುದಿಲ್ಲವೇನೋ.

"ನೀನೇನಮ್ಮ ಇಟ್ಟಿದ್ದು?"

"ಹೂಂ ರೀ. ಇನ್ಮೇಲೆ ಇಡಲ್ಲ."

"ಇಡ್ಬೇಕು ಕಣಮ್ಮ. ಎಳೆ ಇರೋ ಪುಟ ನೋಡಿದೋರು ಪುಸ್ತಕ ಮನೆಗೆ ಒಯ್ದೇ ಒಯ್ತಾರೆ. 'ಇವನ್ನು ಓದಿ' ಅಂತ ಹಾಕೋಕೆ ಒಂದು ಕಪಾಟು ಖಾಲಿ ಐತೆ. ನೀನೇ ಆರಿಸು."

ಆ ಮೂರರಲ್ಲಿ, ಊರ ಹತ್ತಿರದ ಬ್ರಹ್ಮಗಿರಿಯ ಬಂಡೆಯ ಮೇಲೆ ಶಾಸನ ಕೊರೆದ ಕಲ್ಲುಕುಟಿಗನ ಕಥೆಯನ್ನು ತಿಪ್ಪಕ್ಕ ಬಾಚಿಕೊಂಡಳು. "ಇದು ಮೊದ್ಲು ರೀ," ಎಂದ ಅವಳ ಗಟ್ಟಿ ದನಿಗೆ ಓದುತ್ತಿದ್ದವರೆಲ್ಲ ತಲೆಯೆತ್ತಿದರು.